ಕುಣಿಯದ ಕುದುರೆ ಬೇಕಾಗಿದೆ

ಡ್ರೆಸಾಜ್ ಎಂದರೆ ಕುದುರೆ ಕುಣಿಸುವುದಲ್ಲ. ಹೋದ ದೀಪಾವಳಿಯಿಂದ ಈ ಯುಗಾದಿಯವರೆಗೆ ಇದನ್ನು ನಾನು ದಲ್ಲಾಳಿಗೆ ಹೇಳಿದೆ, ತೋಟದ ಮ್ಯಾನೇಜರಿಗೆ ಹೇಳಿದೆ, ಲಾಯ ಗುಡಿಸುವವರಿಗೂ ಹೇಳಿದೆ. ಒಬ್ಬರ ಕಿವಿಗೂ ಹೋಗಲಿಲ್ಲ. ಅವರ ಕಿವಿಗೆ ಬೇರೆ ಮಾತು ಮೊದಲೇ ಬಿದ್ದಿತ್ತು, ಅದನ್ನು ಬಿತ್ತಿದವಳು ನಾನೇ ಎಂಬುದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಚಿಕ್ಕಬಳ್ಳಾಪುರದಿಂದ ಸ್ಕಂದಗಿರಿ ಕಡೆ ಹೋಗುವ ದಾರಿಯಲ್ಲಿ ಒಂದು ಗುತ್ತಿಗೆ ಜಮೀನಿನಲ್ಲಿ ನಾನು ಮಕ್ಕಳಿಗೆ ಕುದುರೆ ಸವಾರಿ ಕಲಿಸುತ್ತೇನೆ. ಮೂರು ವರ್ಷದ ಹಿಂದೆ ಪಾಲಿಹೌಸ್‌ನಲ್ಲಿ ಗುಲಾಬಿ ಬೆಳೆಯುವ ಒಬ್ಬರು ತಮ್ಮ ಹತ್ತು ವರ್ಷದ ಮಗಳನ್ನು ಕರೆತಂದರು. ಬೋರ್ಡಿನಲ್ಲಿದ್ದ ಪದವನ್ನು ಓದಿ, ಡ್ರೆಸ್ಸೇಜು ಅಂದರೆ ಕುದುರೆಗೆ ಡ್ರೆಸ್ ಹಾಕೋದಾ ಎಂದು ಕೇಳಿದರು. ಬಿಸಿಲು ಏರುತ್ತಿತ್ತು, ಇನ್ನೂ ಆರು ಮಕ್ಕಳು ಕಾಯುತ್ತಿದ್ದರು. ಡ್ಯಾನ್ಸ್ ಇದ್ದ ಹಾಗೆ ಸಾರ್, ಕುದುರೆ ಡ್ಯಾನ್ಸು ಅಂದುಬಿಟ್ಟೆ. ಅವರ ಮುಖ ಅರಳಿತು. ಒಂದು ಮಾತಿನಲ್ಲಿ ಮುಗಿಯಿತಲ್ಲ ಎಂದು ನನಗೂ ಹಗುರವಾಯಿತು.

ನಿಜವಾಗಿ ಹೇಳಬೇಕಾಗಿದ್ದದ್ದು ಇಷ್ಟು. ಇಪ್ಪತ್ತು ಮೀಟರ್ ಅಗಲ, ನಲವತ್ತು ಮೀಟರ್ ಉದ್ದದ ಅಂಕಣ. ಸುತ್ತ ಅಕ್ಷರದ ಹಲಗೆಗಳು. ಸವಾರ ಒಳಗೆ ಬಂದು, ನಡುವೆ ನಿಂತು ವಂದಿಸಿ, ಗೊತ್ತುಮಾಡಿದ ಅಕ್ಷರದಲ್ಲಿ ನಡಿಗೆ, ಗೊತ್ತುಮಾಡಿದ ಅಕ್ಷರದಲ್ಲಿ ಟ್ರಾಟ್ ಎಂಬ ಕುಲುಕೋಟ, ಕ್ಯಾಂಟರ್ ಎಂಬ ಹದವಾದ ಓಟ, ಒಂದು ವೃತ್ತ, ಮತ್ತೆ ನಿಲುಗಡೆ. ಸವಾರ ಏನು ಕೇಳಿದ ಎಂಬುದು ನೋಡುವವರಿಗೆ ಕಾಣಬಾರದು, ಕುದುರೆಗೆ ಮಾತ್ರ ತಿಳಿಯಬೇಕು. ಹೆದರಿದ ಕುದುರೆ ಇದನ್ನು ಮಾಡಲಾರದು. ಎಳೆಯ ಸವಾರನಿಗಂತೂ ತನ್ನ ತಪ್ಪುಗಳನ್ನು ಸಹಿಸುವ, ವಯಸ್ಸಾದ, ಸ್ವಲ್ಪ ಸೋಮಾರಿಯಾದ ಕುದುರೆಯೇ ಗುರು.

ಹುಡುಗಿ ನನ್ನ ಮುದಿ ಹೆಣ್ಣುಕುದುರೆಯ ಮೇಲೆ ಚೆನ್ನಾಗಿ ಕಲಿತಳು. ಹೋದ ಮಳೆಗಾಲದಲ್ಲಿ ಅದರ ಕೀಲುಗಳು ಹಿಡಿದುಕೊಂಡವು, ಇನ್ನು ಸವಾರಿ ಬೇಡ ಎಂದು ಪಶುವೈದ್ಯರು ಹೇಳಿದರು. ಬೇರೆ ಕುದುರೆಯ ಮೇಲೆ ಕೂರಿಸಿದೆ. ಎರಡನೇ ವಾರದಲ್ಲೇ ಅದು ಬೆಚ್ಚಿ ಪಕ್ಕಕ್ಕೆ ಹಾರಿ, ಹುಡುಗಿ ಬಿದ್ದು, ಭುಜದ ಮೂಳೆ ಮುರಿಯಿತು. ಪಟ್ಟಿ ಬಿಚ್ಚಿದ ದಿನ ತಂದೆ ಬಂದರು. ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

"ಅವಳದೇ ಒಂದು ಕುದುರೆ ತಗೊಳಣ ಮಿಸ್. ಒಳ್ಳೇದು ಹುಡುಕಿ ಕೊಡಿ. ಆದ್ರೆ ಇನ್ನೊಂದ್ ಸಲ ಬಿದ್ರೆ ಮುಗೀತು. ಅವಳಮ್ಮಂಗೆ ನಾನು ಉತ್ರ ಹೇಳಕ್ಕಾಗಲ್ಲ."

ಹುಡುಗಿಗೆ ಈಗ ಹದಿಮೂರು. ಆ ವಯಸ್ಸಿನಲ್ಲಿ ಬಿಟ್ಟರೆ ಮತ್ತೆ ಹತ್ತುವುದಿಲ್ಲ. ಅವಳು ಎಡಗೈಯಿಂದ ಬಲಭುಜವನ್ನು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಹುಡುಕಿಕೊಡುತ್ತೇನೆ ಎಂದೆ.

ಕುದುರೆ ನೋಡುವುದರಲ್ಲಿ ನನಗೊಂದು ಕ್ರಮವಿದೆ. ನಾವು ಬರುವ ಮೊದಲು ಮೈ ತೊಳೆಯಬೇಡಿ, ಜೀನು ಹಾಕಬೇಡಿ, ಓಡಿಸಬೇಡಿ ಎಂದು ಫೋನಿನಲ್ಲೇ ಹೇಳುತ್ತೇನೆ. ಲಾಯದಲ್ಲಿ ಸುಮ್ಮನೆ ನಿಂತಿರುವಾಗ ಮೊದಲು ನೋಡಬೇಕು. ಆಮೇಲೆ ಗೊರಸು, ಬಾಯಿ, ಬೆನ್ನು. ಆಮೇಲೆ ಗಟ್ಟಿ ನೆಲದ ಮೇಲೆ ನಡೆಸಿ, ಒಂದೊಂದೇ ಕಾಲನ್ನು ಮಡಿಸಿ ನಿಮಿಷ ಹಿಡಿದು, ಬಿಟ್ಟ ತಕ್ಷಣ ಓಡಿಸಿ ಕುಂಟುತ್ತದೆಯೇ ನೋಡಬೇಕು. ಅವರ ಸವಾರ ಮೊದಲು, ಆಮೇಲೆ ನಾನು, ಕೊನೆಗೆ ಹುಡುಗಿ. ಇಷ್ಟೆಲ್ಲ ಒಪ್ಪಿದರೂ ಇನ್ನೊಂದು ದಿನ ಹೇಳದೆ ಕೇಳದೆ ಮತ್ತೆ ಹೋಗಬೇಕು. ಹೆಣ್ಣು ನೋಡುವುದಕ್ಕಿಂತ ಇದೇ ಹೆಚ್ಚಾಯಿತು ಎಂದು ಹುಡುಗಿಯ ತಂದೆ ನಗುತ್ತಿದ್ದರು.

ಮೊದಲ ಕುದುರೆಯನ್ನು ಅವರೇ ಹುಡುಕಿದ್ದರು. ಗೌರಿಬಿದನೂರಿನ ಕಡೆಯ ದಲ್ಲಾಳಿಯೊಬ್ಬ, ಬೇಕಾದಂಥದ್ದೇ ಇದೆ ಎಂದನಂತೆ. ತೊಂಡೇಬಾವಿ ಸ್ಟೇಷನ್ ದಾಟಿ ಒಂದು ಹುಣಸೆ ತೋಪಿಗೆ ಹೋದೆವು. ಅಲ್ಲಿ ಬೆಳ್ಳಗಿನ ಗಂಡುಕುದುರೆ, ಕುತ್ತಿಗೆಗೆ ಗೆಜ್ಜೆ, ಹಣೆಗೆ ಕುಚ್ಚು. ಪಕ್ಕದಲ್ಲಿ ತಮಟೆ ಹಿಡಿದ ಇಬ್ಬರು. ನಾನು ಬಾಯಿ ತೆರೆಯುವ ಮೊದಲೇ ತಮಟೆ ಶುರುವಾಯಿತು. ಕುದುರೆ ಮುಂಗಾಲುಗಳನ್ನು ಎದೆಮಟ್ಟಕ್ಕೆ ಎತ್ತೆತ್ತಿ ನೆಲ ಕುಟ್ಟತೊಡಗಿತು, ಸೊಂಟ ತಿರುಗಿಸಿತು, ಹಿಂಗಾಲ ಮೇಲೆ ಎದ್ದು ನಿಂತಿತು. ಅದು ಮದುವೆ ಮೆರವಣಿಗೆಯ ಕುದುರೆ.

ತಂದೆ ಚಪ್ಪಾಳೆ ತಟ್ಟಿದರು. ನಾನು ತಮಟೆ ನಿಲ್ಲಿಸಿ ಎಂದು ಗದರಿ ಹತ್ತಿರ ಹೋದೆ. ತುಟಿಯ ಎರಡೂ ಮೂಲೆ ಹರಿದು, ಮಾಗಿ, ಮತ್ತೆ ಹರಿದಿದ್ದವು. ಕಡಿವಾಣಕ್ಕೆ ಒಳಗಡೆ ಮುಳ್ಳುಗಳಿದ್ದವು. ಮುಂಗಾಲಿನ ಮೂಳೆಯ ಮೇಲೆ ಸಾಲಾಗಿ ಗಂಟುಗಳು. ತಮಟೆಯ ಪೆಟ್ಟಿಗೊಂದು ಕೋಲಿನ ಪೆಟ್ಟು, ಕಾಲು ಎತ್ತುವವರೆಗೆ. ಹೀಗೆ ಕಲಿಸಿದ ಮೇಲೆ ಕೋಲು ಬೇಕಾಗುವುದಿಲ್ಲ, ಸದ್ದೇ ಸಾಕು. ಜನ ಅದನ್ನು ಕುಣಿತ ಎನ್ನುತ್ತಾರೆ, ನೋಟು ಎಸೆಯುತ್ತಾರೆ.

ಇದನ್ನೆಲ್ಲ ನಾನು ದಲ್ಲಾಳಿಯ ಮುಖಕ್ಕೇ ಹೇಳಿದೆ. ಅವನು ನನ್ನ ಕಡೆ ತಿರುಗಲೂ ಇಲ್ಲ, ಹುಡುಗಿಯ ತಂದೆಯನ್ನು ನೋಡಿ ನಕ್ಕ. "ಏಮಿ ಸಾರ್ ಇದು? ನೀವೇ ತಾನೇ ಡ್ಯಾನ್ಸ್ ಮಾಡೋ ಕುದ್ರೆ ಬೇಕು ಅಂದಿದ್ದು?"

ತಂದೆ ನನ್ನ ಕಡೆ ತಿರುಗಿದರು. "ನೀವೇ ಅಲ್ವಾ ಮಿಸ್ ಹೇಳಿದ್ದು, ಡ್ಯಾನ್ಸು ಅಂತ?"

ಮೂರು ವರ್ಷ ಅವರು ಅದನ್ನು ನಂಬಿಕೊಂಡಿದ್ದರು. ನೆಂಟರಿಗೆ, ಹೂವಿನ ಮಾರ್ಕೆಟ್ಟಿನಲ್ಲಿ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ, ಎಲ್ಲ ಕಡೆ ಮಗಳು ಕುದುರೆ ಡ್ಯಾನ್ಸ್ ಕಲಿಯುತ್ತಿದ್ದಾಳೆ ಎಂದೇ ಹೇಳಿದ್ದರು. ಮಾಡಿದ್ದುಣ್ಣೋ ಮಹರಾಯ. ವಾಪಸು ಬರುವ ದಾರಿಯುದ್ದಕ್ಕೂ ಕಾರಿನಲ್ಲಿ ನಿಜವಾದ ಅರ್ಥವನ್ನು ಬಿಡಿಸಿ ಹೇಳಿದೆ. ಅವರು ಹೂಂ ಹೂಂ ಎಂದರು. ಅಷ್ಟು ಚೆನ್ನಾಗಿ ಕುಣಿಯುವ ಕುದುರೆಗೆ ಸುಮ್ಮನೆ ನಡೆಯುವುದು ಕಷ್ಟವೇ ಎಂದು ಕೊನೆಗೆ ಕೇಳಿದರು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಎರಡನೆಯದು ಚಿಂತಾಮಣಿ ಕಡೆ, ಕೈವಾರದ ರಸ್ತೆಯಲ್ಲಿ, ಬೆಂಗಳೂರಿನ ಯಾರೋ ದೊಡ್ಡವರ ತೋಟದಲ್ಲಿ. ನನ್ನ ಹುಟ್ಟೂರು ಅದೇ ತಾಲ್ಲೂಕು, ಅಲ್ಲಿ ಮೋಸ ಹೋಗಲಾರೆ ಎಂಬ ಜಂಬ ಬೇರೆ. ರೇಸಿನಿಂದ ನಿವೃತ್ತಿಯಾದ ಕೆಂಗಂದು ಕುದುರೆ. ನಾವು ಹೋದಾಗಲೇ ಮೈ ತೊಳೆದು ಜೀನು ಬಿಗಿದಿದ್ದರು. ಹಾಗೆ ಮಾಡಬೇಡಿ ಎಂದಿದ್ದೆನಲ್ಲ ಎಂದರೆ, ಕುದುರೆ ನೋಡಿಕೊಳ್ಳುವ ಸೈಸ್‌ಗೆ ಮರೆತುಹೋಯಿತು ಎಂದು ಮ್ಯಾನೇಜರ್ ಹಲ್ಲು ಕಿರಿದ. ಆ ಕ್ಷಣವೇ ಕಾರು ಹತ್ತಬೇಕಿತ್ತು.

ಕುದುರೆ ಸಾಧು. ನಾನು ಹತ್ತಿದೆ, ಹೇಳಿದ ಹಾಗೆ ಕೇಳಿತು. ಹುಡುಗಿ ಹತ್ತಿದಳು. ಮೂಳೆ ಮುರಿದ ಮೇಲೆ ಅವಳು ಕುದುರೆಯ ಮೇಲೆ ನಕ್ಕಿದ್ದನ್ನು ಅವತ್ತೇ ನೋಡಿದ್ದು. ಕುದುರೆಯ ಕೆಳತುಟಿ ಸ್ವಲ್ಪ ಜೋತುಬಿದ್ದಿತ್ತು, ಕಣ್ಣಿನ ಒಳಮೂಲೆಯ ಪೊರೆ ಮೇಲೆ ಬಂದಿತ್ತು, ಎರಡು ಸಲ ಮುಗ್ಗರಿಸಿತು. ಇಷ್ಟನ್ನೂ ಕಂಡೆ. ಕಂಡು ಹುಡುಗಿಯ ನಗುವನ್ನು ನೋಡಿ ಸುಮ್ಮನಾದೆ. ಆಯಾಸವಿರಬೇಕು ಎಂದುಕೊಂಡೆ. ಇಪ್ಪತ್ತು ವರ್ಷ ಕುದುರೆಗಳ ನಡುವೆ ಇದ್ದವಳು ಹಾಗೆ ಅಂದುಕೊಂಡದ್ದಕ್ಕೆ ನನಗೆ ಈಗಲೂ ಕ್ಷಮೆ ಇಲ್ಲ.

ಅದೃಷ್ಟಕ್ಕೆ ಕ್ರಮವನ್ನು ಪೂರ್ತಿ ಬಿಡಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಒಬ್ಬಳೇ ಹೋದೆ. ಅದೇ ಕುದುರೆ ಲಾಯದ ಬಾಗಿಲಿಗೆ ಎದೆ ಕೊಟ್ಟು ಗುದ್ದುತ್ತಿತ್ತು, ಕಿವಿ ಹಿಂದಕ್ಕೆ ಅಂಟಿತ್ತು, ಒಳಗೆ ಹೋಗಲು ಸೈಸ್‌ಗೇ ಧೈರ್ಯವಿರಲಿಲ್ಲ. ನಾವು ಹೋದ ದಿನ ಮಂಕು ಬರುವ ಮದ್ದು ಚುಚ್ಚಿ ನಿಲ್ಲಿಸಿದ್ದರು. ಮ್ಯಾನೇಜರ್‌ನನ್ನು ಹಿಡಿದು ಕೇಳಿದೆ. ಅವನಿಗೆ ನಾಚಿಕೆಯ ಸುಳಿವೂ ಇರಲಿಲ್ಲ.

"ಮಕ್ಳು ಬರ್ತಾರೆ ಅಂತ ಸ್ವಲ್ಪ ಸಮಾಧಾನ ಮಾಡಿದ್ವಿ, ಅಷ್ಟೇ ಮೇಡಂ."

ಸಮಾಧಾನವಂತೆ. ಹುಡುಗಿಯನ್ನು ಅದರ ಮೇಲೆ ನಾನೇ ಕೂರಿಸಿದ್ದೆ. ಅವನಿಗೆ ಅಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅರ್ಧ ಕನ್ನಡ, ಅರ್ಧ ತೆಲುಗು, ಎರಡು ಭಾಷೆಗೂ ಮರ್ಯಾದೆ ಉಳಿಯಲಿಲ್ಲ.

ಇನ್ನೂ ಮೂರು ಕುದುರೆ ನೋಡಿದೆ. ಒಂದಕ್ಕೆ ಮುಂಗಾಲು ಕುಂಟು, ಒಂದಕ್ಕೆ ನಾಲ್ಕೇ ವರ್ಷ, ಒಂದು ಬೆನ್ನ ಮೇಲೆ ಕೈಯಿಟ್ಟರೆ ಕಚ್ಚುತ್ತಿತ್ತು. ಎಲ್ಲದಕ್ಕೂ ಬೇಡ ಎಂದೆ. ತಂದೆಗೆ ಸಹನೆ ತಪ್ಪಿತು. ಸಂಕ್ರಾಂತಿಯ ಮರುದಿನ ಅವರ ಮನೆಯಿಂದ ಎಳ್ಳುಬೆಲ್ಲದ ಜೊತೆ ಒಂದು ಫೋಟೊ ಬಂತು. ಪಾಲಿಹೌಸಿನ ಮುಂದೆ ಹೂವಿನ ಹಾರ ಹಾಕಿಕೊಂಡು ತೊಂಡೇಬಾವಿಯ ಬಿಳಿಕುದುರೆ ನಿಂತಿದೆ. ನನಗೆ ಹೇಳದೆ ಅದನ್ನೇ ಕೊಂಡುಬಿಟ್ಟಿದ್ದರು. ಮೇಲೆ ನನ್ನ ಹುಡುಗಿ.

ಹೆಲ್ಮೆಟ್ ಇರಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಫೋಟೊ ತೆಗೆಯುವಾಗ ಯಾರೋ ಬೈಕಿನ ಹಾರ್ನ್ ಹೊಡೆದರಂತೆ, ಕುದುರೆ ಕಾಲೆತ್ತಲು ಶುರುಮಾಡಿತಂತೆ, ಜೂಲು ಹಿಡಿದು ಜಾರಿ ಇಳಿದಳಂತೆ. ಇದನ್ನು ಅವಳು ಅಪ್ಪನಿಗೆ ಹೇಳಿರಲಿಲ್ಲ, ಹೇಳಿದರೆ ಸವಾರಿಯೇ ನಿಲ್ಲುತ್ತದಲ್ಲ. ನನಗೆ ಮಾತ್ರ ಹೇಳಿದಳು. ಅವಳ ಅಪ್ಪನಿಗೆ ಫೋನ್ ಮಾಡಿ ಆ ಕುದುರೆಯ ಮೇಲೆ ನಾನು ಕಲಿಸುವುದಿಲ್ಲ ಎಂದೆ. ನೀವು ಯಾವುದನ್ನು ತಾನೇ ಒಪ್ಪಿದ್ದೀರಿ ಎಂದು ಅವರು ಕೇಳಿದರು.

ಫೆಬ್ರವರಿಯಲ್ಲಿ ಪಶುವೈದ್ಯರು ಶಿಡ್ಲಘಟ್ಟದ ಹತ್ತಿರದ ಒಂದು ಮನೆಯ ವಿಳಾಸ ಕೊಟ್ಟರು. ಹಿಪ್ಪುನೇರಳೆ ತೋಟದ ಮಧ್ಯೆ ಮನೆ. ಅಲ್ಲಿನ ಹುಡುಗಿ ಇದೇ ಡ್ರೆಸಾಜ್ ಕಲಿತು, ಈಗ ಕಾಲೇಜಿಗೆ ಹೋಗಿದ್ದಳು, ಕುದುರೆ ಎಂಟು ತಿಂಗಳಿಂದ ಸುಮ್ಮನೆ ಮೇಯುತ್ತಿತ್ತು. ಮಣ್ಣಿನ ಬಣ್ಣ, ಹದಿನಾಲ್ಕು ವರ್ಷ, ಹೊಟ್ಟೆ ದಪ್ಪ, ತಲೆ ದೊಡ್ಡದು. ಮನೆಯೊಡತಿ ನನಗೆ ಕಾಫಿ ಕೊಡುವ ಮೊದಲೇ ಅದರ ದೋಷಗಳನ್ನು ಹೇಳಿದರು. ಜೋಳ ಹೆಚ್ಚಾದರೆ ಹೊಟ್ಟೆನೋವು, ಚಳಿಯ ಬೆಳಗ್ಗೆ ಎಡ ಹಿಂಗಾಲು ಹತ್ತು ನಿಮಿಷ ಬಿಗಿ, ಬಿಚ್ಚಿದ ಕೊಡೆ ಕಂಡರೆ ಭಯ. ಆಮೇಲೆ ಅವರು ನನ್ನನ್ನು ಪ್ರಶ್ನೆ ಕೇಳತೊಡಗಿದರು. ನಿಮ್ಮ ಹುಡುಗಿಗೆ ಸಿಟ್ಟು ಬರುತ್ತದಾ, ಚಾಟಿ ಬಳಸುತ್ತಾಳಾ, ವಯಸ್ಸಾದ ಮೇಲೆ ಇದನ್ನು ಏನು ಮಾಡುತ್ತೀರಿ. ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ನನ್ನ ಸಿಟ್ಟು ಇಳಿಯಿತು. ಕ್ರಮದಂತೆ ಎಲ್ಲ ನೋಡಿದೆ, ಹೇಳದೆ ಎರಡನೇ ಸಲವೂ ಹೋದೆ. ಅದೇ ಕುದುರೆ ಅದೇ ಜಾಗದಲ್ಲಿ ಅದೇ ಮುಖ ಹೊತ್ತು ನಿಂತಿತ್ತು. ಒಂದು ವಾರದ ಪರೀಕ್ಷೆಗೆ ನನ್ನ ಲಾಯಕ್ಕೆ ತಂದಿಟ್ಟುಕೊಂಡೆ.

ಹುಡುಗಿಯ ತಂದೆ ಬಂದು ಅದನ್ನು ಒಂದು ಸುತ್ತು ನೋಡಿದರು. ಇದು ಎತ್ತಿನ ಹಾಗಿದೆ ಮಿಸ್ ಎಂದರು. ಮನೆಯಲ್ಲಿ ಹಾಲಿನಂಥ ಕುದುರೆ ಇರುವಾಗ ಇದು ಯಾಕೆ ಎಂದರು. ಬೆಳ್ಳಗಿರೋದೆಲ್ಲ ಹಾಲಲ್ಲ ಸಾರ್ ಎಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳಿಗೆ ನೀವೇ ಹೆದರಿಕೆ ತುಂಬಿದ್ದೀರಿ, ಒಂದು ವಾರ ಬಿಳಿಕುದುರೆಯ ಮೇಲೆ ಕೂತರೆ ಸರಿಹೋಗುತ್ತಾಳೆ ಎಂದರು. ಆಗ ನನ್ನ ತಾಳ್ಮೆ ಕೆಟ್ಟಿತು. ಇವರು ಜೀವನದಲ್ಲಿ ಒಮ್ಮೆಯೂ ಕುದುರೆಯ ಮೇಲೆ ಕೂತವರಲ್ಲ ಎಂಬುದು ಹೊಳೆಯಿತು.

"ನಾಳೆ ಬಿಳಿಕುದುರೇನ ಇಲ್ಲಿಗೇ ತನ್ನಿ ಸಾರ್," ಎಂದೆ. "ಅವಳು ಬೇಡ. ನೀವು ಹತ್ತಿ."

ಮರುದಿನ ತಂದು ಹತ್ತಿದರು, ಹಿಂದೆ ಸರಿಯುವ ಜಾತಿಯಲ್ಲ. ಹೆಲ್ಮೆಟ್ ಹಾಕಿಸಿದೆ, ಎದೆಗೆ ರಕ್ಷಾಕವಚ ಕಟ್ಟಿದೆ, ಮುಳ್ಳಿನ ಕಡಿವಾಣ ತೆಗೆದು ಮೆತ್ತನೆಯದು ಹಾಕಿದೆ, ಸುತ್ತ ಬೇಲಿಯಿರುವ ಸಣ್ಣ ಅಂಕಣದಲ್ಲಿ ಹಗ್ಗವನ್ನು ನಾನೇ ಹಿಡಿದೆ. ಎರಡು ಸುತ್ತು ನಡೆಯಿತು. ಅವರು ಮಗಳ ಕಡೆ ಕೈ ಬೀಸಿದರು. ಆಗ ನಾನು ಜೇಬಿನಿಂದ ಫೋನ್ ತೆಗೆದು ಜೋರಾಗಿ ತಮಟೆಯ ಸದ್ದು ಹಾಕಿದೆ.

ಕುದುರೆಯ ಬೆನ್ನು ಹಳ್ಳಬಿತ್ತು, ಕತ್ತು ಮೇಲೆದ್ದಿತು, ಕಣ್ಣಿನ ಬಿಳಿ ಕಂಡಿತು. ಕಾಲುಗಳು ಏಳತೊಡಗಿದವು. ಅವರು ಜೀನಿನ ಮೇಲೆ ಚೆಂಡಿನ ಹಾಗೆ ಪುಟಿದರು. ಕಾಲಿಡುವ ರಿಕಾಪಿನಿಂದ ಒಂದು ಪಾದ ಜಾರಿತು. ನಿಲ್ಸಿ ಮಿಸ್, ನಿಲ್ಸಿ ಎಂದರು. ನಾನು ತಮಟೆ ನಿಲ್ಲಿಸಿದೆ. ಕುದುರೆ ನಿಲ್ಲಿಸಲಿಲ್ಲ. ನಾನು ಎಣಿಸದೇ ಇದ್ದದ್ದು ಇದೇ. ಸದ್ದಿಲ್ಲದ ಅಂಕಣದಲ್ಲಿ ಅದು ಕುಣಿಯುತ್ತಲೇ ಇತ್ತು, ನಿಂತರೆ ಕೋಲು ಬೀಳುತ್ತದೆ ಎಂದು ಅದಕ್ಕೆ ಗೊತ್ತಿತ್ತು. ಅವರನ್ನು ಸೊಂಟ ಹಿಡಿದು ಇಳಿಸಿಕೊಂಡೆ. ಆಮೇಲೂ ಅದು ಖಾಲಿ ಜೀನು ಹೊತ್ತು ಕಾಲೆತ್ತುತ್ತಿತ್ತು. ಅದರ ಕತ್ತಿನ ಮೇಲೆ ಕೈಯಿಟ್ಟು ನಿಂತೆ. ಶಾಂತವಾಗಲು ಬಹಳ ಹೊತ್ತು ಬೇಕಾಯಿತು. ನಾಲ್ಕೂ ಕಾಲು ನಡುಗುತ್ತಿದ್ದವು, ಮೈಯೆಲ್ಲ ನೊರೆ. ಅವರಿಗೆ ಪಾಠ ಕಲಿಸಲು ನಾನು ಅದರ ಮೇಲೆ ಕೋಲೆತ್ತಿದಂತೆಯೇ ಆಗಿತ್ತು. ದಲ್ಲಾಳಿಗೂ ನನಗೂ ಇದ್ದ ವ್ಯತ್ಯಾಸ ಅವತ್ತು ಫೋನಿನಷ್ಟೇ.

ತಂದೆ ನೆಲದ ಮೇಲೆ ಕೂತು ನೀರು ಕುಡಿದರು. ಮಗಳು ಶಿಡ್ಲಘಟ್ಟದ ಕುದುರೆಯನ್ನು ತಾನೇ ನಡೆಸಿಕೊಂಡು ಬಂದಳು. "ಅಪ್ಪ, ಇದ್ರ ಮೇಲೆ ಒಂದ್ಸಲ ಕೂತ್ಕೋ."

ಬೇಡ ಎನ್ನಲು ಅವರಿಗೆ ಶಕ್ತಿ ಉಳಿದಿರಲಿಲ್ಲ. ಹತ್ತುವಾಗ ಮೂಟೆಯ ಹಾಗೆ ಒಂದು ಕಡೆಗೆ ವಾಲಿದರು. ಕುದುರೆ ಆ ಕಡೆಗೇ ಒಂದು ಹೆಜ್ಜೆ ಸರಿದು ಅವರ ಕೆಳಗೆ ಬಂದು ನಿಂತಿತು. ಲಗಾಮು ಎಳೆದಾಡಿದರು, ಹಿಮ್ಮಡಿ ಒತ್ತಿದರು, ಎರಡೂ ಒಟ್ಟಿಗೆ. ಗೊಂದಲವಾದಾಗ ಅದು ಸುಮ್ಮನೆ ಕಾದು ನಿಂತಿತು. ಉಸಿರು ಬಿಡಿ ಸಾರ್ ಎಂದೆ. ಉಸಿರು ಬಿಟ್ಟರು. ಕುದುರೆಯೂ ಬಿಟ್ಟಿತು.

"ಇದು ನಿಂತ್ಕೊಳತ್ತೆ," ಎಂದರು.

ಅಲ್ಲಿಂದಲೇ ದಲ್ಲಾಳಿಗೆ ಫೋನ್ ಮಾಡಿ, ಬಿಳಿಕುದುರೆ ವಾಪಸು ತಗೊಂಡು ಹೋಗು ಎಂದರು. ನನ್ನ ಕೆಲಸ ಮುಗಿದಿತ್ತು. ಲಾಯದಲ್ಲಿ ಬಿಳಿಕುದುರೆಯ ಮೈ ಒರೆಸುತ್ತಿದ್ದೆ, ಹುಡುಗಿ ಬಂದು ಕಂಬಕ್ಕೆ ಒರಗಿದಳು.

"ವಾಪಸ್ ಹೋದ್ರೆ ಮತ್ತೆ ಕುಣಿಸ್ತಾರಲ್ವಾ ಮಿಸ್?"

ಹೌದು ಎಂದೆ.

"ಹಂಗಾದ್ರೆ ಇಲ್ಲೇ ಇಟ್ಕೊಳಣ."

ಎಲ್ಲಿ ಇಟ್ಟುಕೊಳ್ಳುವುದು? ನನ್ನ ಲಾಯದಲ್ಲಿ ಆರೇ ಗೂಡು, ಆರೂ ತುಂಬಿದ್ದವು. ಅವಳ ಅಪ್ಪ ಎರಡು ಕುದುರೆ ಸಾಕುವವರಲ್ಲ. ಇದನ್ನು ಮೆತ್ತಗೆ ಹೇಳಬಹುದಿತ್ತು. ಆದರೆ ನಾಲ್ಕು ತಿಂಗಳ ಸಿಟ್ಟು, ಅದರ ಮೇಲೆ ಅವತ್ತು ನನ್ನ ಮೇಲೇ ಬಂದ ಸಿಟ್ಟು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುವ ಹಾಗೆ ಎಲ್ಲ ಆ ಮಗುವಿನ ಮೇಲೆ ಬಿತ್ತು.

"ನಾನು ನಿಂಗೆ ಕುದುರೆ ಹುಡುಕಿದ್ದು ಕಣೇ. ಕುದುರೆಗಳಿಗೆ ಮನೆ ಹುಡುಕ್ತಿಲ್ಲ."

ಅವಳು ಕಂಬ ಬಿಟ್ಟು ಶಿಡ್ಲಘಟ್ಟದ ಕುದುರೆಯ ಗೂಡಿಗೆ ಹೋದಳು. ಮೂರನೇ ದಿನ ದಲ್ಲಾಳಿಯ ಗೂಡ್ಸ್ ಟೆಂಪೊ ಬಂತು. ಅಂಗಳದಲ್ಲಿ ಕಟ್ಟಿದ್ದ ಬಿಳಿಕುದುರೆ ತಾನಾಗಿಯೇ ಹಲಗೆ ಹತ್ತಿತು, ಹೊಡೆಯುವ ಅಗತ್ಯವೇ ಬೀಳಲಿಲ್ಲ. ದಲ್ಲಾಳಿ ನನ್ನ ಮುಂದೆಯೇ ಮುಳ್ಳಿನ ಕಡಿವಾಣವನ್ನು ಕೇಳಿ ಪಡೆದುಕೊಂಡ. ನಾನು ಕೊಟ್ಟೆ. ಅದನ್ನು ಕೆರೆಗೆ ಎಸೆಯಬಹುದಿತ್ತು ಎಂದು ಗಾಡಿ ತಿರುವು ದಾಟಿದ ಮೇಲೆ ಹೊಳೆಯಿತು.

ಹುಡುಗಿ ಶಿಡ್ಲಘಟ್ಟದ ಕುದುರೆಯ ಮೇಲೆ ಬೇಗ ಕುದುರಿಕೊಂಡಳು. ಭುಜದ ಬಿಗಿತ ಹೋಯಿತು. ಯುಗಾದಿಗೆ ಮೊದಲು ಒಂದು ಸಣ್ಣ ಜೂನಿಯರ್ ಸ್ಪರ್ಧೆಯಲ್ಲಿ ಸವಾರಿ ಮಾಡಿದಳು. ಕ್ಯಾಂಟರ್‌ನಲ್ಲಿ ತಡವಾಯಿತು, ಒಂದು ವೃತ್ತ ಕುಂಬಳಕಾಯಿಯ ಆಕಾರಕ್ಕೆ ಹೋಯಿತು. ಆದರೆ ನಿಲುಗಡೆಗೆ ತೀರ್ಪುಗಾರರು ಒಳ್ಳೆಯ ಅಂಕ ಕೊಟ್ಟರು. ತಂದೆ ಎಲ್ಲರಿಗೂ ಸಿಹಿ ಹಂಚಿದರು. ಹುಡುಗಿ ಇಳಿದು, ಕುದುರೆಯ ಕತ್ತು ತಟ್ಟಿ, ನನಗೆ ಥ್ಯಾಂಕ್ಸ್ ಮಿಸ್ ಎಂದಳು. ಮೊದಲಿನ ಹಾಗೆ ಓಡಿಬಂದು ಸೊಂಟ ತಬ್ಬಲಿಲ್ಲ. ಆ ಲಾಯದ ದಿನದಿಂದ ಅವಳು ನನ್ನನ್ನು ಏನನ್ನೂ ಕೇಳುವುದಿಲ್ಲ, ಹೇಳಿದ್ದನ್ನಷ್ಟೇ ಮಾಡುತ್ತಾಳೆ.

ಹಬ್ಬ ಕಳೆದ ಮೇಲೆ ನನ್ನ ಮುದಿ ಕುದುರೆಗೆ ಹಿಂದಿನ ಶೆಡ್ಡಿನಲ್ಲಿ ಜಾಗ ಮಾಡಿ, ಒಂದು ಗೂಡು ಖಾಲಿ ಮಾಡಿದೆ. ದಲ್ಲಾಳಿಗೆ ಫೋನ್ ಮಾಡಿದೆ. ಬಿಳಿಕುದುರೆ ನನಗೆ ಬೇಕು, ನನಗೇ ಎಂದೆ. ಅವನ ಹಿಂದೆ ಬ್ಯಾಂಡ್‌ಸೆಟ್ ಕೇಳಿಸುತ್ತಿತ್ತು. ಅವನು ಸದ್ದಿನ ಮೇಲೆ ದನಿಯೆತ್ತಿ ಮಾತಾಡಿದ, ಆದರೆ ಮರ್ಯಾದೆಯಿಂದಲೇ ಮಾತಾಡಿದ.

"ಕೊಡಣ ಮೇಡಂ, ಅದಕ್ಕೇನು. ಈಗ ಮದುವೆ ಸೀಸನ್ನು, ಒಂದ್ ದಿನಾನೂ ಬಿಡುವಿಲ್ಲ ಅದಕ್ಕೆ. ಆಷಾಢ ಬರ್ಲಿ."

ಫೋನ್ ಇಟ್ಟು ಗೋಡೆಯ ಕ್ಯಾಲೆಂಡರ್ ತಿರುವಿದೆ. ಆಷಾಢಕ್ಕೆ ಇನ್ನೂ ಮೂರು ತಿಂಗಳಿತ್ತು. ಆ ಮೂರೂ ಪುಟಗಳ ತುಂಬ ಮುಹೂರ್ತಗಳಿದ್ದವು.